ಬಾಡಿಗೆ ಪೂರ್ತಿ, ಸೌಕರ್ಯ ಅರ್ಧ: ಹೋಟೆಲ್ ರೂಮಿನಲ್ಲಿ ಸಿಗಬೇಕಾದ್ದನ್ನು ಕೇಳಿ ಪಡೆಯುವುದು ಹೇಗೆ?

ಇಬ್ಬರು ಉಳಿಯುವ ರೂಮಿಗೆ ಒಂದೇ ಟವೆಲ್. ಎರಡು ಸಲ ಕೈ ತೊಳೆದರೆ ಕರಗಿ ಹೋಗುವ ಸೋಪು. ಕುಡಿಯುವ ನೀರು ಬೇಕಾದರೆ ದುಡ್ಡು ಕೊಟ್ಟು ಬಾಟಲಿ ತರಿಸಬೇಕು. ಬಿಸಿನೀರು ಬೆಳಿಗ್ಗೆ ಒಂದೆರಡು ಗಂಟೆ ಮಾತ್ರ. ಎರಡನೇ ದಿನ ರೂಮು ಗುಡಿಸಲು ಯಾರೂ ಬರುವುದಿಲ್ಲ. ಕೇಳಿದರೆ "ನೀವು ಹೇಳಲೇ ಇಲ್ವಲ್ಲ ಸರ್" ಎನ್ನುತ್ತಾರೆ. ಬಾಡಿಗೆ ಮಾತ್ರ ಒಂದು ರೂಪಾಯಿಯೂ ಇಳಿದಿಲ್ಲ.

ಹೋಟೆಲಿನವರಿಗೂ ಖರ್ಚು ಜಾಸ್ತಿಯಾಗಿದೆ, ಅದು ನಿಜ. ಬೆಡ್‌ಶೀಟು, ಟವೆಲ್ ಒಗೆಸಲು ಹೊರಗಿನ ಲಾಂಡ್ರಿಯವರು ಒಂದೊಂದಕ್ಕೂ ಲೆಕ್ಕ ಹಾಕುತ್ತಾರೆ. ಬುಕಿಂಗ್ ಆ್ಯಪ್‌ಗಳಿಗೆ ಕಮಿಷನ್ ಹೋಗುತ್ತದೆ. ಕರೆಂಟ್ ಬಿಲ್ ಇದೆ, ಕೆಲಸಕ್ಕೆ ಜನ ಸಿಗುವುದಿಲ್ಲ. ಆದರೆ ಮೊದಲೇ ಹೇಳಿ, ಬಾಡಿಗೆಯನ್ನೂ ಅದಕ್ಕೆ ತಕ್ಕಂತೆ ಇಟ್ಟು ಕಡಿಮೆ ಮಾಡುವುದು ಬೇರೆ. ಹೇಳದೆ ಕಡಿಮೆ ಮಾಡಿ, ಪೂರ್ತಿ ದುಡ್ಡು ತೆಗೆದುಕೊಳ್ಳುವುದು ಬೇರೆ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದನ್ನು ಒಪ್ಪಬೇಕಾಗಿಲ್ಲ. ಅದಕ್ಕೆ ರೂಮ್ ಬುಕ್ ಮಾಡುವ ಮೊದಲಿನಿಂದ ಬಿಲ್ ಕಟ್ಟುವವರೆಗೆ ಏನೇನು ಮಾಡಬಹುದು ಎಂದು ಇಲ್ಲಿ ಬರೆದಿದ್ದೇನೆ.

ಹಂತ 1: ಆ್ಯಪ್‌ನಲ್ಲಿ ನೋಡುವುದನ್ನು ಸರಿಯಾಗಿ ನೋಡಿ

ಆ್ಯಪ್‌ನಲ್ಲಿ ಸೌಕರ್ಯಗಳ ಪಟ್ಟಿ ಎರಡು ಕಡೆ ಇರುತ್ತದೆ. ಒಂದು ಇಡೀ ಹೋಟೆಲಿನದು, ಇನ್ನೊಂದು ನೀವು ಆರಿಸಿದ ರೂಮಿನದು. ಹೋಟೆಲಿನ ಪಟ್ಟಿಯಲ್ಲಿ ಗೀಸರ್, ಕೆಟಲ್, ಎಸಿ ಎಲ್ಲ ಕಾಣಿಸುತ್ತವೆ. ಅಗ್ಗದ ರೂಮಿನ ಪಟ್ಟಿ ತೆರೆದರೆ ಅರ್ಧ ಇರುವುದೇ ಇಲ್ಲ. ನಿಮಗೆ ಲೆಕ್ಕಕ್ಕೆ ಬರುವುದು ರೂಮಿನ ಪಟ್ಟಿ. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮುಂದೆ ಜಗಳವಾದರೆ ಕೈಯಲ್ಲಿರುವ ಮೊದಲ ಸಾಕ್ಷಿ ಅದೇ.

ಬಾಡಿಗೆಯ ಪಕ್ಕದಲ್ಲಿ ಇಪಿ, ಸಿಪಿ, ಎಂಎಪಿ, ಎಪಿ ಎಂಬ ಅಕ್ಷರಗಳಿರುತ್ತವೆ. ಇಪಿ ಅಂದರೆ ರೂಮ್ ಮಾತ್ರ. ಸಿಪಿ ಅಂದರೆ ಬೆಳಗಿನ ತಿಂಡಿ ಸೇರಿದೆ. ಎಂಎಪಿ ಅಂದರೆ ತಿಂಡಿಯ ಜೊತೆ ಒಂದು ಊಟ. ಎಪಿಯಲ್ಲಿ ತಿಂಡಿ ಮತ್ತು ಎರಡೂ ಊಟ. ಹೋದ ಸಲ ತಿಂಡಿ ಕೊಟ್ಟ ಹೋಟೆಲ್ ಈ ಸಲ ಅದೇ ದರಕ್ಕೆ ಇಪಿ ಮಾಡಿರಬಹುದು. ತಿಂಡಿ ಹೀಗೆಯೇ ಸದ್ದಿಲ್ಲದೆ ಮಾಯವಾಗುವುದು.

ರಿವ್ಯೂಗಳಲ್ಲಿ ಒಟ್ಟು ಅಂಕ ನೋಡಿ ಸುಮ್ನಾಗಬೇಡಿ. 'ಇತ್ತೀಚಿನದು ಮೊದಲು' ಎಂದು ಆರಿಸಿ, ಕಳೆದ ಎರಡು ಮೂರು ತಿಂಗಳದ್ದನ್ನು ಮಾತ್ರ ಓದಿ. ಹುಡುಕುವ ಜಾಗದಲ್ಲಿ ಟವೆಲ್, ಹಾಟ್ ವಾಟರ್, ಬೆಡ್‌ಶೀಟ್ ಎಂದು ಹಾಕಿ ನೋಡಿ. ನಾಲ್ಕು ವರ್ಷದ ಹಿಂದೆ ಚೆನ್ನಾಗಿತ್ತು ಅನ್ನುವುದರಿಂದ ಇವತ್ತು ನಿಮಗೆ ಉಪಯೋಗವಿಲ್ಲ. ಹೋಟೆಲಿನವರು ಹಾಕಿದ ಫೋಟೋ ಬಿಟ್ಟು ಉಳಿದವರು ಹಾಕಿದ ಫೋಟೋ ನೋಡಿ, ಅದರಲ್ಲೂ ಬಚ್ಚಲುಮನೆಯದ್ದು.

ದುಡ್ಡು ಕಟ್ಟುವ ಪುಟದಲ್ಲಿ ಇನ್ನೊಂದು ಸಲ ನಿಲ್ಲಿ. ನೀವು ಕೇಳದ ಇನ್ಶೂರೆನ್ಸ್, ದೇಣಿಗೆ ತಾನಾಗಿ ಸೇರಿಕೊಂಡಿರಬಹುದು. ಮೊದಲು ಕಡಿಮೆ ದರ ತೋರಿಸಿ ಕೊನೆಯಲ್ಲಿ ಶುಲ್ಕ ಏರಿಸಿರಬಹುದು. ಇಂಥ 13 ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ.

ಹಂತ 2: ಸ್ಟಾರ್ ಇದ್ದರೆ ಅದನ್ನು ಉಪಯೋಗಿಸಿಕೊಳ್ಳಿ

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಹೋಟೆಲುಗಳಿಗೆ ಸ್ಟಾರ್ ದರ್ಜೆ ಕೊಡುತ್ತದೆ. ಇದು ಕಡ್ಡಾಯವಲ್ಲ, ಬೇಕಾದವರು ಅರ್ಜಿ ಹಾಕಿ ಪಡೆಯುತ್ತಾರೆ. ಆದರೆ ಪಡೆದ ಮೇಲೆ ಅದರ ಪಟ್ಟಿಯಲ್ಲಿರುವುದನ್ನು ಕೊಡಲೇಬೇಕು. ಆ ಪಟ್ಟಿಯ ಪ್ರಕಾರ ಒಂದು ಸ್ಟಾರ್ ಹೋಟೆಲಿನಲ್ಲೂ ಪ್ರತಿ ಅತಿಥಿಗೆ ಒಂದು ಸ್ನಾನದ ಟವೆಲ್, ಒಂದು ಕೈ ಒರೆಸುವ ಟವೆಲ್, ಒಂದು ಹೊಸ ಸೋಪು ಇರಬೇಕು. ಕುಡಿಯುವ ನೀರು, ಲೋಟ ಇರಬೇಕು. ಹೊಸಬರು ಬಂದಾಗಲೆಲ್ಲ ಹಾಸಿಗೆಯ ಬಟ್ಟೆ ಬದಲಿಸಲೇಬೇಕು. ಒಬ್ಬರೇ ಜಾಸ್ತಿ ದಿನ ಉಳಿದರೆ ಒಂದು, ಎರಡು ಸ್ಟಾರ್ ಹೋಟೆಲುಗಳು ದಿನ ಬಿಟ್ಟು ದಿನ ಬದಲಿಸಿದರೆ ಸಾಕು.

ಆ್ಯಪ್‌ನಲ್ಲಿ ಕಾಣುವ ನಕ್ಷತ್ರಗಳೆಲ್ಲ ಈ ಸರ್ಕಾರಿ ದರ್ಜೆ ಅಲ್ಲ. ಅಸಲಿ ದರ್ಜೆ ಇದ್ದವರ ಬಳಿ ಪ್ರಮಾಣಪತ್ರ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ಬಸ್‌ಸ್ಟ್ಯಾಂಡ್ ಪಕ್ಕದ ಸಾಮಾನ್ಯ ಲಾಡ್ಜ್‌ಗೆ, ಹೋಮ್‌ಸ್ಟೇಗೆ ಈ ಪಟ್ಟಿ ಅನ್ವಯಿಸುವುದಿಲ್ಲ. ಅಲ್ಲಿ ಅವರು ಏನು ಒಪ್ಪಿಕೊಂಡಿದ್ದಾರೋ ಅದೇ ನಿಮ್ಮ ಆಧಾರ. ಆ ಒಪ್ಪಿಗೆಯನ್ನು ಮುಂದಿನ ಹಂತದಲ್ಲಿ ಬರವಣಿಗೆಯಲ್ಲಿ ಪಡೆಯಬೇಕು.

ಹಂತ 3: ಫೋನ್ ಮಾಡಿ, ಆಮೇಲೆ ವಾಟ್ಸ್‌ಆ್ಯಪ್ ಮಾಡಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಮಾಡಿ. ಆ್ಯಪ್‌ನಲ್ಲಿ ಹೋಟೆಲ್ ಆರಿಸಿಕೊಂಡ ಮೇಲೆ ನೇರವಾಗಿ ರಿಸೆಪ್ಷನ್‌ಗೆ ಫೋನ್ ಮಾಡಿ. ಬುಕಿಂಗ್ ಆ್ಯಪ್‌ನ ಕಾಲ್ ಸೆಂಟರ್‌ಗೆ ಅಲ್ಲ. ರೂಮಿನಲ್ಲಿ ಏನಿದೆ, ಏನಿಲ್ಲ ಅನ್ನುವುದು ಗೊತ್ತಿರುವುದು ರಿಸೆಪ್ಷನ್‌ನವರಿಗೆ.

"ಬಿಸಿನೀರು ಬರುತ್ತಾ?" ಎಂದು ಕೇಳಬೇಡಿ. ಎಲ್ಲರೂ "ಬರುತ್ತೆ" ಅಂತಲೇ ಹೇಳುತ್ತಾರೆ. "ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ? ಸೋಲಾರಾ, ಗೀಸರಾ?" ಎಂದು ಕೇಳಿ. ಮಳೆಗಾಲದಲ್ಲಿ ಚಿಕ್ಕಮಗಳೂರು, ಸಕಲೇಶಪುರ, ಆಗುಂಬೆ ಕಡೆ ಹೋಗುವವರಿಗೆ ಈ ಪ್ರಶ್ನೆ ಬಹಳ ಮುಖ್ಯ. ಜುಲೈಯಲ್ಲಿ ಅಲ್ಲಿ ದಿನಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಬರೀ ಸೋಲಾರ್ ನಂಬಿದ ಕಡೆ ತಣ್ಣೀರೇ ಗತಿ. ಮಲೆನಾಡಿನ ಕೆಲವು ಹೋಮ್‌ಸ್ಟೇಗಳಲ್ಲಿ ಈಗಲೂ ಬಚ್ಚಲೊಲೆ ಹೊತ್ತಿಸಿ ಹಂಡೆಯಲ್ಲಿ ನೀರು ಕಾಯಿಸುತ್ತಾರೆ. ಆ ನೀರು ಯಾವ ಗೀಸರ್‌ಗೂ ಕಡಿಮೆಯಲ್ಲ. ಆದರೆ ಎಷ್ಟು ಹೊತ್ತಿಗೆ ಬೇಕು ಎಂದು ಹಿಂದಿನ ರಾತ್ರಿಯೇ ಹೇಳಬೇಕು.

ಹೀಗೆಯೇ "ಟವೆಲ್ ಕೊಡ್ತೀರಾ?" ಎನ್ನುವ ಬದಲು "ನಾಲ್ಕು ಜನಕ್ಕೆ ನಾಲ್ಕು ಟವೆಲ್ ಇರುತ್ತಾ?" ಎಂದು ಕೇಳಿ. ಎಕ್ಸ್‌ಟ್ರಾ ಬೆಡ್ ಅಂದರೆ ಮಂಚವೋ, ನೆಲಕ್ಕೆ ಹಾಕುವ ಹಾಸಿಗೆಯೋ? ಅದಕ್ಕೆ ದಿಂಬು, ರಗ್ಗು ಸೇರಿದೆಯೋ? ರಾತ್ರಿ ಲಿಫ್ಟ್ ನಡೆಯುತ್ತದೆಯೋ? ಕರೆಂಟ್ ಹೋದರೆ ಜನರೇಟರ್‌ನಲ್ಲಿ ಎಸಿ, ಗೀಸರ್ ನಡೆಯುತ್ತದೆಯೋ, ಬರೀ ಲೈಟು ಫ್ಯಾನೋ? ಮನೆಯಲ್ಲಿ ವಯಸ್ಸಾದವರಿದ್ದರೆ ಕಮೋಡ್ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ.

ಫೋನ್ ಇಟ್ಟ ಮೇಲೆ ಮಾತಾಡಿದ್ದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಹೀಗೆ ಬರೆದರೆ ಸಾಕು:

"ನಮಸ್ಕಾರ ಸರ್, ಈಗ ಫೋನ್ ಮಾಡಿದ್ದೆ. 14ನೇ ತಾರೀಖು ಒಂದು ಡಬಲ್ ರೂಮ್, ಎರಡು ರಾತ್ರಿ. ಬಿಸಿನೀರು ಬೆಳಿಗ್ಗೆ 6ರಿಂದ 9, ಗೀಸರ್. ಎರಡು ಟವೆಲ್, ಸೋಪು, ದಿನಾ ಕುಡಿಯುವ ನೀರು. ತಿಂಡಿ ಸೇರಿ ಬಾಡಿಗೆ. ದಿನಾ ರೂಮ್ ಕ್ಲೀನಿಂಗ್. ಇಷ್ಟು ಸರಿ ಇದೆಯಾ, ದಯವಿಟ್ಟು ತಿಳಿಸಿ."

ಅವರು "ಓಕೆ" ಎಂದು ಒಂದೇ ಪದ ಹಾಕಿದರೂ ಸಾಕು. ಉತ್ತರ ಬರದೇ ಹೋದರೆ ಅದೂ ಒಂದು ಉತ್ತರವೇ. ಬೇರೆ ಹೋಟೆಲ್ ನೋಡಿ.

ಫೋನ್ ಮಾಡುವುದರಲ್ಲಿ ಇನ್ನೊಂದು ಲಾಭ ಇದೆ. ನೇರವಾಗಿ ಬುಕ್ ಮಾಡಿದರೆ ಅವರಿಗೆ ಆ್ಯಪ್ ಕಮಿಷನ್ ಉಳಿಯುತ್ತದೆ. "ಆ್ಯಪ್‌ನಲ್ಲಿ ಇಷ್ಟು ತೋರಿಸ್ತಿದೆ, ನಿಮ್ಮ ಹತ್ರಾನೇ ಮಾಡ್ತೀನಿ, ತಿಂಡಿ ಸೇರಿಸಿ ಕೊಡ್ತೀರಾ?" ಎಂದು ಕೇಳಿ ನೋಡಿ. ದರ ಇಳಿಸಲು ಒಪ್ಪದವರು ತಿಂಡಿ ಸೇರಿಸಲು ಒಪ್ಪಬಹುದು. ದಸರಾ ಸಮಯದ ಮೈಸೂರಿನಲ್ಲಿ ಈ ಮಾತು ನಡೆಯುವುದು ಕಷ್ಟ. ಉಳಿದ ದಿನಗಳಲ್ಲಿ ಕೇಳುವುದಕ್ಕೆ ಅಡ್ಡಿಯಿಲ್ಲ.

ಹಂತ 4: ಬ್ಯಾಗ್ ಬಿಚ್ಚುವ ಮೊದಲು ಐದು ನಿಮಿಷ

ರೂಮಿಗೆ ಹೋದ ಕೂಡಲೇ ಹಾಸಿಗೆ ಮೇಲೆ ಬಿದ್ದುಕೊಳ್ಳುವ ಆಸೆಯಾಗುತ್ತದೆ. ಅದನ್ನು ಐದು ನಿಮಿಷ ತಡೆಯಿರಿ. ರೂಮ್ ಬಾಯ್ ಇನ್ನೂ ಅಲ್ಲೇ ಇರುವಾಗ ನೋಡಿಬಿಡಿ. ಬ್ಯಾಗ್ ಬಿಚ್ಚಿದ ಮೇಲೆ ರೂಮ್ ಬದಲಿಸಿ ಕೊಡಲು ಯಾರಿಗೂ ಮನಸ್ಸಿರುವುದಿಲ್ಲ, ನಿಮಗೂ ಸೇರಿ.

ಮೊದಲು ಹಾಸಿಗೆ. ಮೇಲಿನ ಹೊದಿಕೆ ಸರಿಸಿ ಬೆಡ್‌ಶೀಟು ನೋಡಿ. ಒಗೆದು ಇಸ್ತ್ರಿ ಮಾಡಿ ತಂದ ಶೀಟಿನಲ್ಲಿ ಮಡಿಕೆಯ ಗೆರೆ ಚೌಕ ಚೌಕವಾಗಿ ಕಾಣುತ್ತದೆ. ಯಾರೋ ಮಲಗಿ ಎದ್ದ ಶೀಟನ್ನು ಕೈಯಲ್ಲಿ ಸರಿಮಾಡಿದ್ದರೆ ಗೆರೆಗಳು ಅಡ್ಡಾದಿಡ್ಡಿ ಇರುತ್ತವೆ. ದಿಂಬಿನ ಕವರ್ ಮೂಸಿ ನೋಡಿದರೆ ಎಣ್ಣೆಯ ವಾಸನೆ ತಿಳಿಯುತ್ತದೆ. ಹಾಸಿಗೆಯ ಮೂಲೆ ಎತ್ತಿ ಹೊಲಿಗೆಯ ಸಾಲಿನಲ್ಲಿ ಕಪ್ಪು ಚುಕ್ಕೆ ಇದೆಯೇ ನೋಡಿ. ಅದು ತಿಗಣೆಯ ಗುರುತು. ತಿಗಣೆ ಇದ್ದರೆ ಬೇರೆ ರೂಮು ಕೇಳಿ, ಪಕ್ಕದ್ದಲ್ಲ, ಬೇರೆ ಮಹಡಿಯದ್ದು. ಖರ್ಚು ಉಳಿಸಲು ಹಾಸಿಗೆ ಬಟ್ಟೆ ಬದಲಿಸದೆ ಬಿಡುವುದನ್ನು ನಾನು ಯಾವ ದರದ ಲಾಡ್ಜ್‌ನಲ್ಲೂ ಒಪ್ಪುವುದಿಲ್ಲ. ಇದು ಆರೋಗ್ಯದ ವಿಷಯ.

ಆಮೇಲೆ ಬಚ್ಚಲುಮನೆ. ನಲ್ಲಿ, ಫ್ಲಶ್, ಗೀಸರ್ ಸ್ವಿಚ್ಚು. ಸೋಲಾರ್ ನೀರು ಟ್ಯಾಂಕಿನಿಂದ ಉದ್ದ ಪೈಪಿನಲ್ಲಿ ಬರುವುದರಿಂದ ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನ ತಣ್ಣೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟುಕೊಂಡರೆ ಆಮೇಲೆ ಬೆರೆಸಿಕೊಳ್ಳಲು ಆಗುತ್ತದೆ. ಬಕೆಟ್, ಮಗ್ ಇವೆಯೇ? ಗೋಡೆಗೆ ಹಾಕಿದ ಸೋಪು, ಶ್ಯಾಂಪೂವಿನ ಪಂಪ್ ಬಾಟಲಿ ಇದ್ದರೆ ಒತ್ತಿ ನೋಡಿ. ಖಾಲಿ ಇರುವುದು, ನೀರು ಬೆರೆಸಿ ತೆಳ್ಳಗೆ ಮಾಡಿರುವುದು ಎರಡೂ ಉಂಟು.

ಎಸಿ ರೂಮಾದರೆ ರಿಮೋಟ್ ಕೇಳಿ, ಹಾಕಿಸಿ ನೋಡಿ. ಟವೆಲಿನಲ್ಲಿ ಕಲೆ, ಗೋಡೆಯಲ್ಲಿ ಗೀರು, ಒಡೆದ ಲೋಟ ಇದ್ದರೆ ಮೊಬೈಲಿನಲ್ಲಿ ಒಂದು ಸಣ್ಣ ವಿಡಿಯೊ ಮಾಡಿಟ್ಟುಕೊಳ್ಳಿ. ರೂಮ್ ಬಿಡುವಾಗ 'ಇದು ನೀವೇ ಹಾಳು ಮಾಡಿದ್ದು' ಎಂದು ದುಡ್ಡು ಕೇಳಿದರೆ ಅದು ಕೆಲಸಕ್ಕೆ ಬರುತ್ತದೆ.

ಹಂತ 5: ಕೇಳುವುದು ಯಾರನ್ನು, ಹೇಗೆ

ಎಷ್ಟೋ ಹೋಟೆಲುಗಳಲ್ಲಿ ಈಗ ಸೌಕರ್ಯ ಇಲ್ಲವೆಂದಲ್ಲ, ಕೇಳಿದವರಿಗೆ ಮಾತ್ರ ಕೊಡುತ್ತಾರೆ. ಎರಡನೇ ಟವೆಲ್, ಬ್ರಷ್-ಪೇಸ್ಟ್, ಸೊಳ್ಳೆ ಓಡಿಸುವ ಮಷಿನ್, ಇನ್ನೊಂದು ದಿಂಬು, ಕೆಟಲ್, ಇಸ್ತ್ರಿಪೆಟ್ಟಿಗೆ ಎಲ್ಲ ಸ್ಟೋರ್ ರೂಮಿನಲ್ಲಿರುತ್ತವೆ. ಕೇಳಲು ನಾಚುವವರಿಂದಲೇ ಹೋಟೆಲಿಗೆ ಉಳಿತಾಯ. ನಮ್ಮಲ್ಲಿ ತುಂಬ ಜನ, ಅದರಲ್ಲೂ ಹಿರಿಯರು, 'ಹೋಗಲಿ ಬಿಡು, ಒಂದು ರಾತ್ರಿ ತಾನೇ' ಎಂದು ಸುಮ್ಮನಿರುತ್ತಾರೆ. ದಯವಿಟ್ಟು ಸುಮ್ಮನಿರಬೇಡಿ. ನೀವು ದುಡ್ಡು ಕೊಟ್ಟಿದ್ದೀರಿ.

ಆದರೆ ಸಿಟ್ಟನ್ನು ರೂಮ್ ಬಾಯ್ ಮೇಲೆ ತೋರಿಸಬೇಡಿ. ಟವೆಲ್ ಎಷ್ಟು ಕೊಡಬೇಕು ಅನ್ನುವುದು ಅವರ ತೀರ್ಮಾನ ಅಲ್ಲ. "ಅಣ್ಣಾ, ಇನ್ನೊಂದು ಟವೆಲ್, ಎರಡು ಸೋಪು ತಂದುಕೊಡ್ತೀರಾ?" ಎಂದರೆ ಸಾಮಾನ್ಯವಾಗಿ ಬರುತ್ತದೆ. "ಇಲ್ಲ ಸರ್, ಒಂದೇ ಕೊಡೋದು" ಎಂದರೆ ಅವರ ಜೊತೆ ವಾದ ಮಾಡದೆ ರಿಸೆಪ್ಷನ್‌ಗೆ ಫೋನ್ ಮಾಡಿ. ಅಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ತೋರಿಸಿ. ಅಲ್ಲೂ ಆಗದಿದ್ದರೆ "ಮ್ಯಾನೇಜರ್ ನಂಬರ್ ಕೊಡಿ" ಎಂದು ಕೇಳಿ. ದನಿ ಏರಿಸುವ ಅಗತ್ಯ ಬೀಳುವುದು ಕಡಿಮೆ.

ಎರಡು ಮೂರು ದಿನ ಇರುವವರು ಬೆಳಿಗ್ಗೆ ಹೊರಗೆ ಹೊರಡುವಾಗಲೇ "ರೂಮ್ ಕ್ಲೀನ್ ಮಾಡಿಸಿ" ಎಂದು ರಿಸೆಪ್ಷನ್‌ನಲ್ಲಿ ಹೇಳಿ ಹೋಗಿ. ಸಂಜೆ ಬಂದು ಕೇಳಿದರೆ ಹೌಸ್‌ಕೀಪಿಂಗ್‌ನವರ ಪಾಳಿ ಮುಗಿದಿರುತ್ತದೆ.

ದಿನಾ ರೂಮ್ ಗುಡಿಸುವುದನ್ನು ನಿಲ್ಲಿಸಿದರೆ ಕೆಲಸದವರಿಗೆ ಆರಾಮ ಎಂದು ತಿಳಿಯಬೇಡಿ. ಮೂರು ದಿನದ ಕಸ, ಕೊಳೆ ಒಂದೇ ಸಲ ಸಿಗುತ್ತದೆ. ಅದನ್ನು ಮುಗಿಸಲು ಸಮಯ ಜಾಸ್ತಿ ಸಿಗುವುದಿಲ್ಲ. ಕೆಲಸದ ದಿನಗಳೂ, ಟಿಪ್ಸೂ ಕಡಿಮೆಯಾಗುತ್ತವೆ. ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಸುಮಾರು 10,000 ಹೋಟೆಲ್ ಕೆಲಸಗಾರರು ಮುಷ್ಕರ ಹೂಡಿದರು. ಕೋವಿಡ್ ಕಾಲದಲ್ಲಿ ಕಡಿತ ಮಾಡಿದ ಜನ, ಸೇವೆಯನ್ನು ಮತ್ತೆ ತನ್ನಿ ಎನ್ನುವುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ನೀವು ಕ್ಲೀನಿಂಗ್ ಕೇಳುವುದು ಅವರಿಗೆ ತೊಂದರೆ ಕೊಟ್ಟಂತೆ ಅಲ್ಲ.

'ಭೂಮಿ ಉಳಿಸಿ' ಚೀಟಿಯ ಬಗ್ಗೆ

ಟವೆಲ್ ಸ್ಟ್ಯಾಂಡಿನ ಮೇಲೆ ಹಸಿರು ಎಲೆಯ ಚಿತ್ರದ ಚೀಟಿ ಇರುತ್ತದೆ. 'ಟವೆಲನ್ನು ಮತ್ತೆ ಬಳಸಿ, ನೀರು ಉಳಿಸಿ' ಎಂದು ಬರೆದಿರುತ್ತದೆ. ನಾನು ಇದರ ವಿರೋಧಿ ಅಲ್ಲ. ಮನೆಯಲ್ಲಿ ಯಾರೂ ದಿನಾ ಟವೆಲ್ ಒಗೆಯುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುವ ಬೆಂಗಳೂರಿನಲ್ಲಿ ನೀರು ಉಳಿಸುವುದು ಬೇಕೇ ಬೇಕು. ಪಂಪ್ ಬಾಟಲಿಯೂ ಹಾಗೆಯೇ. ಸಣ್ಣ ಪ್ಲಾಸ್ಟಿಕ್ ಬಾಟಲಿಗಳ ರಾಶಿಗಿಂತ ಅದು ಎಷ್ಟೋ ಮೇಲು.

ಆದರೆ ಆಯ್ಕೆ ನಿಮ್ಮದಾಗಿರಬೇಕು. 'ಮತ್ತೆ ಬಳಸುತ್ತೀರಾ?' ಎಂದು ಕೇಳುವುದು ಸರಿ. ಪರಿಸರದ ಹೆಸರು ಹೇಳಿ ಟವೆಲ್ಲನ್ನೇ ಕೊಡದಿರುವುದು ಸರಿ ಅಲ್ಲ. ನೀರು ಉಳಿಸುತ್ತೇವೆ ಎನ್ನುವ ಹೋಟೆಲ್ ಸೋರುವ ಫ್ಲಶ್ ರಿಪೇರಿ ಮಾಡಿಸಿದೆಯೇ, ಕುಡಿಯುವ ನೀರಿಗೆ ಪ್ಲಾಸ್ಟಿಕ್ ಬಾಟಲಿ ಬದಲು ಫಿಲ್ಟರ್ ಇಟ್ಟಿದೆಯೇ ನೋಡಿ. ಇಲ್ಲದಿದ್ದರೆ ಆ ಚೀಟಿ ಲಾಂಡ್ರಿ ಬಿಲ್ ಉಳಿಸಲು ಮಾತ್ರ. ಪರಿಸರದ ಬಗ್ಗೆ ಆಧಾರವಿಲ್ಲದ ದೊಡ್ಡ ಮಾತು ಹೇಳಿ ಜಾಹೀರಾತು ಮಾಡುವುದರ ವಿರುದ್ಧ ನಮ್ಮಲ್ಲಿ 2024ರ ಅಕ್ಟೋಬರ್‌ನಿಂದ ಮಾರ್ಗಸೂಚಿಯೂ ಇದೆ.

ಹಂತ 6: ನೀರು ಮತ್ತು ಬಿಲ್

ಎಂಆರ್‌ಪಿಗಿಂತ ಜಾಸ್ತಿ ದರಕ್ಕೆ ನೀರಿನ ಬಾಟಲಿ ಮಾರಿದರೆ ಅಪರಾಧ ಎಂದು ಬಹಳ ಜನ ನಂಬಿದ್ದಾರೆ. ಅಂಗಡಿಯ ಮಟ್ಟಿಗೆ ಆ ನಂಬಿಕೆ ಸರಿ. ಆದರೆ ಹೋಟೆಲ್, ರೆಸ್ಟೋರೆಂಟ್ ಒಳಗೆ ಬಡಿಸುವ ಬಾಟಲಿಗೆ ಜಾಸ್ತಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ರೂಮಿನಲ್ಲಿಟ್ಟ ಬಾಟಲಿ ತೆರೆಯುವ ಮೊದಲು "ಇದು ಫ್ರೀನಾ?" ಎಂದು ಕೇಳಿ. ಫ್ರಿಜ್ಜಿನ ಒಳಗಿನದ್ದಂತೂ ಕೇಳದೆ ಮುಟ್ಟಬೇಡಿ. ಜೊತೆಗೆ ಒಂದು ಸ್ಟೀಲ್ ಬಾಟಲಿ ಇಟ್ಟುಕೊಂಡು, ರೆಸ್ಟೋರೆಂಟ್‌ನಲ್ಲೋ ಮಹಡಿಯ ಮೂಲೆಯಲ್ಲೋ ಇರುವ ಫಿಲ್ಟರ್‌ನಲ್ಲಿ ತುಂಬಿಸಿಕೊಳ್ಳುವುದು ಸುಲಭದ ದಾರಿ.

ಬಿಲ್ಲಿನಲ್ಲಿ ಮೂರು ಸಾಲು ನೋಡಿ. ಜಿಎಸ್‌ಟಿ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 5%, ಅದಕ್ಕಿಂತ ಮೇಲಿನದ್ದಕ್ಕೆ 18%. ಹಳೆಯ 12% ಈಗಲೂ ಹಾಕಿದ್ದರೆ ಕೇಳಿ. ಸರ್ವಿಸ್ ಚಾರ್ಜ್: ಊಟದ ಬಿಲ್ಲಿಗೆ ಇದನ್ನು ತಾನಾಗಿ ಸೇರಿಸುವಂತಿಲ್ಲ ಎಂದು 2022ರ ಜುಲೈ 4ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಕೊನೆಯದು, ನಿಮಗೆ ಹೇಳದೆ ಸೇರಿಸಿದ 'ಇತರೆ' ಸಾಲು. ಅದು ಏನು ಎಂದು ಬಿಡಿಸಿ ಬರೆಸಿಕೊಳ್ಳಿ. ಜಿಎಸ್‌ಟಿ ನಂಬರ್ ಇರುವ ಬಿಲ್ಲನ್ನೇ ಪಡೆಯಿರಿ. ಬಿಳಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಹಿಡಿದು ದೂರು ಕೊಡುವುದು ಕಷ್ಟ.

ಜೊತೆಗೆ ಒಯ್ಯಬೇಕಾದ್ದು

ಹಕ್ಕಿನ ಮಾತು ಒಂದು ಕಡೆ ಇರಲಿ, ರಾತ್ರಿ ಹನ್ನೊಂದಕ್ಕೆ ಬಸ್ ಇಳಿದವರಿಗೆ ವಾದ ಮಾಡುವ ಶಕ್ತಿ ಇರುವುದಿಲ್ಲ. ಒಂದು ತೆಳ್ಳನೆಯ ಟವೆಲ್ (ನಮ್ಮ ಪಂಚೆಯೋ, ಚೌಕುಳಿ ಟವೆಲ್ಲೋ ಬೇಗ ಒಣಗುತ್ತದೆ), ಸೋಪು, ಒಂದು ಬೆಡ್‌ಶೀಟು, ಸೊಳ್ಳೆ ಬತ್ತಿ, ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಆ ರಾತ್ರಿ ಕಳೆಯುತ್ತದೆ. ಮಕ್ಕಳಿದ್ದರೆ ಥರ್ಮಾಸ್ ಫ್ಲಾಸ್ಕ್. ದೇವಸ್ಥಾನಗಳ ವಸತಿಗೃಹಗಳಿಗೆ ಹೋಗುವಾಗಲಂತೂ ಇವನ್ನು ಒಯ್ಯುವುದು ಒಳ್ಳೆಯದು. ಅಲ್ಲಿ ಬಾಡಿಗೆಯೇ ಕಡಿಮೆ, ಲಾಡ್ಜ್‌ನ ಹಾಗೆ ಎಲ್ಲ ಸಿಗಬೇಕು ಎನ್ನುವುದು ನ್ಯಾಯವಲ್ಲ.

ಹೊರದೇಶಕ್ಕೆ ಹೋಗುವವರಿಗೆ

ಅಲ್ಲಿ ಕೆಲವು ಕಡಿತ ಹೋಟೆಲಿನದ್ದಲ್ಲ, ಕಾನೂನಿನದ್ದು. ದಕ್ಷಿಣ ಕೊರಿಯಾದಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ರೂಮಿರುವ ಹೋಟೆಲುಗಳು 2024ರ ಮಾರ್ಚ್‌ನಿಂದ ಬ್ರಷ್, ಪೇಸ್ಟ್, ಶ್ಯಾಂಪೂ ಸ್ಯಾಶೆಗಳನ್ನು ಉಚಿತವಾಗಿ ಕೊಡುವಂತಿಲ್ಲ. ಶಾಂಘೈಯಲ್ಲಿ 2019ರ ಜುಲೈಯಿಂದ ಬ್ರಷ್, ಬಾಚಣಿಗೆ, ರೇಜರ್‌ನಂಥವನ್ನು ಕೇಳಿದರೆ ಮಾತ್ರ ಕೊಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಶ್ಯಾಂಪೂ ಬಾಟಲಿಗಳಿಗೆ 2023ರಿಂದ ನಿಷೇಧ ಶುರುವಾಯಿತು. ಬ್ರಷ್, ಪೇಸ್ಟ್ ನಿಮ್ಮದೇ ಒಯ್ಯಿರಿ.

ಅಮೆರಿಕದಲ್ಲಿ ಮಕ್ಕಳನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಹಿಲ್ಟನ್ 2021ರಲ್ಲಿ ತನ್ನ ಹೆಚ್ಚಿನ ಹೋಟೆಲುಗಳಲ್ಲಿ ಕೇಳಿದರೆ ಮಾತ್ರ ರೂಮ್ ಕ್ಲೀನಿಂಗ್ ಎಂದಿತು. ಹಾಗಾಗಿ ಚೆಕ್-ಇನ್ ಮಾಡುವಾಗಲೇ "ದಿನಾ ಬೇಕು" ಎಂದು ಹೇಳಿಸಿ. 'ರೆಸಾರ್ಟ್ ಫೀ' ಎಂದು ಕೊನೆಯಲ್ಲಿ ಸೇರಿಸುತ್ತಿದ್ದ ಶುಲ್ಕವನ್ನು 2025ರ ಮೇ 12ರಿಂದ ಮೊದಲು ತೋರಿಸುವ ದರದಲ್ಲೇ ಸೇರಿಸಿ ಹೇಳಬೇಕು. ಶುಲ್ಕ ನಿಂತಿಲ್ಲ, ಮುಚ್ಚಿಡುವುದು ನಿಂತಿದೆ ಅಷ್ಟೇ.

ಹಂತ 7: ಆಗಲೂ ಸರಿಹೋಗದಿದ್ದರೆ

ಮೊದಲು ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ತಿಳಿಸಿ, ರೂಮಿನಲ್ಲಿ ಇರುವಾಗಲೇ. ಮನೆಗೆ ಬಂದ ಮೇಲೆ ಹೇಳಿದರೆ "ಆಗಲೇ ಹೇಳಬಾರದಿತ್ತಾ?" ಎನ್ನುತ್ತಾರೆ. ಏನು ಬೇಕು ಎನ್ನುವುದನ್ನೂ ಸ್ಪಷ್ಟವಾಗಿ ಬರೆಯಿರಿ. ರೂಮ್ ಬದಲಾವಣೆಯೋ, ತಿಂಡಿಯ ದುಡ್ಡು ವಾಪಸ್ಸೋ, ಒಂದು ರಾತ್ರಿಯ ಬಾಡಿಗೆಯಲ್ಲಿ ಇಷ್ಟು ಕಡಿತವೋ? ಆ್ಯಪ್ ಮೂಲಕ ಬುಕ್ ಮಾಡಿದ್ದರೆ ಆ್ಯಪ್‌ನವರಿಗೂ ಅದೇ ದಿನ ಸ್ಕ್ರೀನ್‌ಶಾಟ್, ವಿಡಿಯೊ ಕಳಿಸಿ.

ಅದರಿಂದಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. 8800001915ಕ್ಕೆ ವಾಟ್ಸ್‌ಆ್ಯಪ್ ಕೂಡ ಮಾಡಬಹುದು. ಅವರು ಶಿಕ್ಷೆ ವಿಧಿಸುವುದಿಲ್ಲ, ದೂರನ್ನು ಹೋಟೆಲಿಗೆ ಕಳಿಸಿ ಉತ್ತರ ಕೇಳುತ್ತಾರೆ. ಸಣ್ಣ ಮೊತ್ತದ ಜಗಳಕ್ಕೆ ಮೊದಲು ಹಿಡಿಯಬೇಕಾದ ದಾರಿ ಇದೇ.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಹೋಟೆಲ್ ಗೋಕರ್ಣದಲ್ಲಿದ್ದರೂ ನೀವು ತುಮಕೂರಿನವರಾದರೆ ತುಮಕೂರಿನಲ್ಲೇ ದೂರು ಕೊಡಬಹುದು. ವಕೀಲರು ಬೇಕೇ ಬೇಕು ಎಂದೇನಿಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವೂ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಘಟನೆ ನಡೆದ ಎರಡು ವರ್ಷದೊಳಗೆ ಕೊಡಬೇಕು, ಅಲ್ಲಿಯವರೆಗೆ ಬಿಲ್, ಮೆಸೇಜ್, ವಿಡಿಯೊ ಅಳಿಸಬೇಡಿ. ಒಂದು ಸೋಪಿಗಾಗಿ ಇಷ್ಟು ದೂರ ಹೋಗಿ ಎಂದು ನಾನು ಹೇಳುವುದಿಲ್ಲ. ಎಸಿ ಎಂದು ಬಾಡಿಗೆ ಪಡೆದು ಎಸಿ ಇಲ್ಲದ ರೂಮ್ ಕೊಟ್ಟರೆ, ಮದುವೆಗೆ ಹತ್ತು ರೂಮ್ ಹಿಡಿದು ಬಿಸಿನೀರೇ ಬರದಿದ್ದರೆ, ಖಂಡಿತ ಹೋಗಿ.

ರಿವ್ಯೂ ಬರೆಯುವಾಗ 'ವರ್ಸ್ಟ್ ಹೋಟೆಲ್' ಎಂದು ಬರೆದರೆ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. ಯಾವ ತಿಂಗಳು ಹೋಗಿದ್ದಿರಿ, ಯಾವ ದರ್ಜೆಯ ರೂಮು, ಏನು ಹೇಳಿದ್ದರು, ಏನು ಕೊಟ್ಟರು ಎಂದು ಬರೆಯಿರಿ. ರೂಮನ್ನು ಚೊಕ್ಕಟವಾಗಿ ಇಟ್ಟಿದ್ದರೆ, ಕೇಳಿದ್ದನ್ನು ಕೂಡಲೇ ತಂದುಕೊಟ್ಟಿದ್ದರೆ ಅದನ್ನೂ ಬರೆಯಿರಿ. ಹೌಸ್‌ಕೀಪಿಂಗ್‌ನವರ ಕೆಲಸವನ್ನು ಮೆಚ್ಚಿ ಹಾಕಿದ ಎರಡು ಸಾಲನ್ನು ಮಾಲೀಕರು ಓದುತ್ತಾರೆ. ಜನ ಕಡಿಮೆ ಮಾಡಬೇಕು ಎನ್ನುವ ಲೆಕ್ಕ ಬಂದಾಗ ಅವರ ಪರವಾಗಿ ಹೇಳಲು ಅಷ್ಟಾದರೂ ಇರುತ್ತದೆ.